ಬೆನ್ನುಚೀಲ ಹೊತ್ತು ಹುವಾರಾಸ್‌ಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪೆರು ದೇಶದ ಅಂಕಾಶ್ ಪ್ರಾಂತ್ಯದ ರಾಜಧಾನಿ ಹುವಾರಾಸ್. ಪೂರ್ವಕ್ಕೆ ಹಿಮ ಹೊದ್ದ ಕಾರ್ಡಿಲೆರಾ ಬ್ಲಾಂಕಾ ಪರ್ವತಸಾಲು, ಪಶ್ಚಿಮಕ್ಕೆ ಹಿಮವೇ ಇಲ್ಲದ ಬೋಳು ಬೆಟ್ಟಗಳ ಕಾರ್ಡಿಲೆರಾ ನೆಗ್ರಾ, ನಡುವೆ ಸಾಂತಾ ನದಿ. ಆ ನದಿಯ ಕಣಿವೆಯಲ್ಲಿ ಸುಮಾರು 3,050 ಮೀಟರ್ ಎತ್ತರದಲ್ಲಿ ಊರಿದೆ. ಭಾರತದಿಂದ ಹೊರಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಕೆಲವು ಉತ್ತರಗಳು ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚಬಹುದು, ಎರಚಲೆಂದೇ ಬರೆದದ್ದು.

ಪೆರು ಎಂದರೆ ಮಾಚು ಪಿಚು ಅಲ್ಲವೇ? ಹುವಾರಾಸ್ ಏಕೆ?

ಮಾಚು ಪಿಚು ನೋಡಲು ಹೋಗುವವರು ಕುಸ್ಕೊ ನಗರಕ್ಕೆ ಹೋಗುತ್ತಾರೆ. ಹುವಾರಾಸ್‌ಗೆ ಬರುವವರು ನಡೆಯಲು ಬರುತ್ತಾರೆ. ಪೆರುವಿನ ಅತಿ ಎತ್ತರದ ಶಿಖರ ಹುವಾಸ್ಕರಾನ್ (6,768 ಮೀಟರ್) ಇಲ್ಲಿದೆ. ಉಷ್ಣವಲಯದಲ್ಲಿ ಇಷ್ಟು ಹಿಮ ಒಟ್ಟಾಗಿರುವ ಬೇರೆ ಪರ್ವತಸಾಲು ಜಗತ್ತಿನಲ್ಲಿಲ್ಲ. ಇವೆಲ್ಲವೂ ಊರಿಗೆ ಎಷ್ಟು ಹತ್ತಿರವೆಂದರೆ, ಬೆಳಿಗ್ಗೆ ಹೋಟೆಲಿನ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಲೇ ಆರು ಸಾವಿರ ಮೀಟರ್ ದಾಟಿದ ಶಿಖರಗಳನ್ನು ನೋಡಬಹುದು. ಸ್ಮಾರಕಗಳ ಮುಂದೆ ಚಿತ್ರ ತೆಗೆಸಿಕೊಳ್ಳುವುದೇ ಮುಖ್ಯವಾದರೆ ಕುಸ್ಕೊ ವಾಸಿ.

ಯಾವ ತಿಂಗಳು ಒಳ್ಳೆಯದು?

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ. ನಮ್ಮ ಮಲೆನಾಡಿನಲ್ಲಿ ಮಳೆ ಹಿಡಿದು ಚಾರಣವೆಲ್ಲ ನಿಂತಿರುವ ಜೂನ್, ಜುಲೈ, ಆಗಸ್ಟ್ ಅಲ್ಲಿ ಒಣ ಕಾಲ. ಹಗಲು ನೀಲಿ ಆಕಾಶ, ಸುಡುವ ಬಿಸಿಲು. ಬೀಡುಬಿಟ್ಟ ಜಾಗದಲ್ಲಿ ರಾತ್ರಿ ಬಾಟಲಿಯ ನೀರು ಹೆಪ್ಪುಗಟ್ಟುವ ಚಳಿ. ಅಕ್ಟೋಬರ್ ಕಳೆದ ಮೇಲೆ ಮಳೆ ಕೂರುತ್ತದೆ, ಏಪ್ರಿಲ್‌ವರೆಗೂ ಬಿಡುವುದಿಲ್ಲ. ಆಗ ಬೆಳಿಗ್ಗೆ ತಿಳಿಯಾಗಿದ್ದು ಮಧ್ಯಾಹ್ನ ಮೋಡ ಕವಿಯುತ್ತದೆ, ಶಿಖರಗಳು ಮರೆಯಾಗುತ್ತವೆ. ಕಣಿವೆಗಳೇನೋ ಹಸಿರಾಗಿರುತ್ತವೆ, ಆದರೆ ಅಷ್ಟು ದೂರದಿಂದ ಬಂದು ಮೋಡ ನೋಡಿಕೊಂಡು ಹೋಗಲು ನಿಮಗೆ ಮನಸ್ಸಿದೆಯೇ?

ಇನ್ನೊಂದು ವಿಷಯ ಹಲವರಿಗೆ ಹೊಳೆಯುವುದಿಲ್ಲ. ಇದು ಭೂಮಧ್ಯರೇಖೆಗೆ ಹತ್ತಿರದ ಜಾಗ. ಬೇಸಿಗೆಯ ಹಿಮಾಲಯದ ಉದ್ದ ಹಗಲು ಇಲ್ಲಿ ಸಿಗುವುದಿಲ್ಲ. ವರ್ಷವಿಡೀ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗಿ ಬೇಗನೆ ಕತ್ತಲಾಗುತ್ತದೆ. ದಿನದ ಹಾದಿಯನ್ನು ಅದಕ್ಕೆ ತಕ್ಕಂತೆ ಹಾಕಿಕೊಳ್ಳಿ.

ವೀಸಾ ಬೇಕೇ?

ಭಾರತೀಯ ಪಾಸ್‌ಪೋರ್ಟಿಗೆ ಬೇಕು. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಷೆಂಗೆನ್ ದೇಶಗಳ ವೀಸಾ ಇದ್ದು, ಅದರ ಅವಧಿ ಇನ್ನೂ ಆರು ತಿಂಗಳು ಉಳಿದಿದ್ದರೆ, ಪ್ರವಾಸಿಗರಿಗೆ 2017ರಿಂದ ವಿನಾಯಿತಿ ಇದೆ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮೊದಲು ದೆಹಲಿಯ ಪೆರು ರಾಯಭಾರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ಬೆಂಗಳೂರಿನಿಂದ ಪೆರುವಿನ ರಾಜಧಾನಿ ಲೀಮಾಗೆ ನೇರ ವಿಮಾನವಿಲ್ಲ. ಅಮೆರಿಕದ ಮೂಲಕ ಹೋಗುವ ಟಿಕೆಟ್ ಅಗ್ಗವಾಗಿ ಕಂಡರೂ, ಅಲ್ಲಿ ವಿಮಾನ ಬದಲಿಸುವುದಕ್ಕೂ ವೀಸಾ ಕೇಳುತ್ತಾರೆ.

ಲೀಮಾದಿಂದ ಹುವಾರಾಸ್‌ಗೆ ಹೇಗೆ ಹೋಗುವುದು?

ಬಸ್ಸಿನಲ್ಲಿ. ಸುಮಾರು 400 ಕಿಲೋಮೀಟರ್, ಎಂಟು ಗಂಟೆ. ಲೀಮಾದಲ್ಲಿ ಹಲವು ಬಸ್ ಕಂಪನಿಗಳಿಗೆ ತಮ್ಮದೇ ನಿಲ್ದಾಣಗಳಿವೆ. ಟಿಕೆಟಿನ ಮೇಲಿರುವ ವಿಳಾಸ ಓದದೆ ಟ್ಯಾಕ್ಸಿ ಹತ್ತಬೇಡಿ. ರಾತ್ರಿ ಬಸ್ಸಿನಲ್ಲಿ ಹೋದರೆ ಒಂದು ದಿನದ ವಸತಿ ಖರ್ಚು ಉಳಿಯುತ್ತದೆ ಎಂಬುದು ಎಲ್ಲರೂ ಕೊಡುವ ಸಲಹೆ. ನನ್ನ ಸಲಹೆ ಹಗಲು ಬಸ್, ಬಲಬದಿಯ ಕಿಟಕಿ. ಕಡಲತೀರದ ಮರುಭೂಮಿಯಿಂದ ಹೊರಟ ಬಸ್ಸು 4,000 ಮೀಟರ್ ಮೀರಿದ ಕೊನೊಕೋಚಾ ಸರೋವರದ ಬಯಲಿಗೆ ಏರಿ, ಅಲ್ಲಿಂದ ಸಾಂತಾ ಕಣಿವೆಗೆ ಇಳಿಯುತ್ತದೆ. ಕೊನೊಕೋಚಾ ಬರುವಷ್ಟರಲ್ಲಿ ಚೀಲದಲ್ಲಿರುವ ಚಿಪ್ಸ್ ಪೊಟ್ಟಣ ಬಲೂನಿನಂತೆ ಉಬ್ಬಿರುತ್ತದೆ. ಹೊರಗಿನ ಗಾಳಿಯ ಒತ್ತಡ ಎಷ್ಟು ಇಳಿದಿದೆ ಎಂದು ತಿಳಿಯಲು ಬೇರೆ ಉಪಕರಣ ಬೇಡ. ಅದೇ ಹೊತ್ತಿಗೆ ನಿಮ್ಮ ತಲೆಯೂ ಹಿಡಿಯತೊಡಗುತ್ತದೆ.

ಎತ್ತರದ ಕಾಯಿಲೆ ಎಲ್ಲರಿಗೂ ಬರುತ್ತದೆಯೇ? ನಾನು ದಿನಾ ಓಡುತ್ತೇನೆ, ನನಗೂ ಬರಬಹುದೇ?

ಬರಬಹುದು. ದೇಹದ ಕಸುವಿಗೂ ಇದಕ್ಕೂ ಸಂಬಂಧವಿಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಹುವಾರಾಸ್‌ನ ತರಕಾರಿ ಮಾರುಕಟ್ಟೆ ಅದಕ್ಕಿಂತ ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಸುಮಾರು ಶೇ 70. ಚಾರಣದಲ್ಲಿ ದಾಟುವ ಎತ್ತರದ ಘಟ್ಟಗಳಲ್ಲಿ ಅದು ಶೇ 60ಕ್ಕಿಂತಲೂ ಕೆಳಗಿಳಿಯುತ್ತದೆ. ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ತನ್ನದೇ ವೇಗದಲ್ಲಿ. ಗಟ್ಟಿಮುಟ್ಟಾದವರಿಗೇ ತೊಂದರೆಯಾಗುವುದು ಹೆಚ್ಚು, ಏಕೆಂದರೆ ಅವರು ತಲೆನೋವನ್ನು ಲೆಕ್ಕಿಸದೆ ಮೊದಲ ದಿನವೇ ಮೇಲೇರಿಬಿಡುತ್ತಾರೆ.

ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ರೆ ಕೆಡುವುದು ಮೊದಲ ಲಕ್ಷಣಗಳು. ಅಲ್ಲಿಯವರು ಇದನ್ನು ಸೊರೊಚೆ ಎನ್ನುತ್ತಾರೆ. ಈ ಹಂತದಲ್ಲಿ ಮೇಲೇರುವುದನ್ನು ನಿಲ್ಲಿಸಿ ವಿಶ್ರಾಂತಿ ತೆಗೆದುಕೊಂಡರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಕುಳಿತಲ್ಲೇ ಉಸಿರು ಕಟ್ಟುವುದು, ಎದೆಯಲ್ಲಿ ಗೊರಗೊರ ಸದ್ದು, ನೊರೆ ಕಫ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ನೇರ ಗೆರೆಯ ಮೇಲೆ ನಡೆಯಲಾಗದಿರುವುದು, ಮಾತು ತೊದಲುವುದು, ಗೊಂದಲ ಕಂಡರೆ ಮೆದುಳು ಊದಿಕೊಳ್ಳುತ್ತಿದೆ. ಇವೆರಡಕ್ಕೂ ಮೊದಲ ಚಿಕಿತ್ಸೆ ಇಳಿಯುವುದು. ರಾತ್ರಿಯಾಗಿದೆ, ಚಳಿಯಿದೆ, ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ.

ಮೊದಲ ಎರಡು ದಿನ ಊರಿನಲ್ಲಿ ತಿರುಗಾಡಿಕೊಂಡಿರಿ. ಮೂರನೆಯ ದಿನ ಕಾರ್ಡಿಲೆರಾ ನೆಗ್ರಾ ಬದಿಯ ವಿಲ್ಕಕೋಚಾ ಕೆರೆಗೆ ಹತ್ತಿ. 3,700 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಎದುರಿಗೆ ಬ್ಲಾಂಕಾದ ಶಿಖರಸಾಲು ತೆರೆದುಕೊಳ್ಳುತ್ತದೆ. ಆಮೇಲೆ 4,450 ಮೀಟರಿನ ಚುರುಪ್ ಸರೋವರ. ಮಲಗಲು ಮಾತ್ರ ಊರಿಗೇ ಇಳಿದು ಬನ್ನಿ. ಇಷ್ಟಾದ ಮೇಲೆ ದೊಡ್ಡ ಚಾರಣ. ರಜೆ ಒಂದೇ ವಾರವಿದೆ ಎನ್ನುವವರು ಸಣ್ಣ ಹಾದಿಗಳಲ್ಲೇ ತೃಪ್ತರಾಗಬೇಕು. ಕಚೇರಿಯ ರಜೆಪಟ್ಟಿ ಶ್ವಾಸಕೋಶಕ್ಕೆ ಅರ್ಥವಾಗುವುದಿಲ್ಲ.

ಡಯಾಮಾಕ್ಸ್ ಮಾತ್ರೆ ತೆಗೆದುಕೊಂಡರೆ ಸಾಲದೇ? ಕೋಕಾ ಎಲೆ?

ಡಯಾಮಾಕ್ಸ್, ಅಂದರೆ ಅಸೆಟಜೋಲಮೈಡ್, ದೇಹ ಒಗ್ಗಿಕೊಳ್ಳುವುದಕ್ಕೆ ನೆರವಾಗುತ್ತದೆ. ಕಾಯಿಲೆ ಬರದಂತೆ ಗೋಡೆ ಕಟ್ಟುವುದಿಲ್ಲ. ಸಲ್ಫಾ ಔಷಧ ಒಗ್ಗದವರು ಎಚ್ಚರಿಕೆ ವಹಿಸಬೇಕು. ಹೊರಡುವ ಮೊದಲೇ ನಮ್ಮೂರಿನ ವೈದ್ಯರನ್ನು ಕೇಳಿ ಪ್ರಮಾಣ ತಿಳಿದುಕೊಳ್ಳಿ. ಬೆರಳ ತುದಿ ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಅದರ ಸಾಮಾನ್ಯ ಅಡ್ಡಪರಿಣಾಮಗಳು. ಕೊರೆಯುವ ಚಳಿಯಲ್ಲಿ ಎರಡೆರಡು ಬಾರಿ ಟೆಂಟಿನಿಂದ ಹೊರಗೆ ಬರಬೇಕಾದಾಗ ಎರಡನೆಯದರ ಮಹತ್ವ ತಿಳಿಯುತ್ತದೆ.

ಕೋಕಾ ಎಲೆಯ ಕಷಾಯ ಎಲ್ಲೆಡೆ ಸಿಗುತ್ತದೆ, ಪೆರುವಿನಲ್ಲಿ ಕಾನೂನುಬದ್ಧ, ಬಿಸಿಬಿಸಿಯಾಗಿ ಹಿತವೆನಿಸುತ್ತದೆ. ಅದನ್ನು ಔಷಧವೆಂದು ನಂಬಿ ಮೇಲೇರಬೇಡಿ.

ಲಗೂನಾ 69 ಸರೋವರವನ್ನು ಒಂದೇ ದಿನದಲ್ಲಿ ನೋಡಿ ಬರಬಹುದೇ?

ಬರಬಹುದು, ಬಹುತೇಕ ಎಲ್ಲರೂ ಹಾಗೆಯೇ ಮಾಡುತ್ತಾರೆ. ನಸುಕಿನಲ್ಲಿ ವ್ಯಾನ್ ಹೊರಡುತ್ತದೆ, ಸುಮಾರು ಮೂರು ಗಂಟೆ ಪ್ರಯಾಣ. ದಾರಿಯಲ್ಲಿ ಯಾಂಗನೂಕೊ ಸರೋವರಗಳು, ಅವುಗಳ ದಡದಲ್ಲಿ ಕೆನುವಾಲ್ ಮರಗಳು. ಕೆಂಪು ತೊಗಟೆ ಕಾಗದದಂತೆ ಪದರ ಪದರವಾಗಿ ಸುಲಿದು ಗಾಳಿಗೆ ಅಲುಗುತ್ತಿರುತ್ತದೆ; ಕಿಟಕಿಯಿಂದ ನೋಡಿ ಸುಮ್ಮನಾಗದೆ ಇಳಿದು ಮುಟ್ಟಿ ನೋಡಿ. ನಡಿಗೆ ಶುರುವಾಗುವುದು 3,900 ಮೀಟರ್ ಎತ್ತರದಲ್ಲಿ, ಸರೋವರ ಇರುವುದು 4,600 ಮೀಟರಿನಲ್ಲಿ. ಕೊನೆಯ ಏರು ಕಡಿದು. ಅದು ಮುಗಿದೊಡನೆ ಚಕ್ರರಾಹು ಶಿಖರದ ಹಿಮಗೋಡೆಯ ಬುಡದಲ್ಲಿ ಗಾಢ ನೀಲಿ ನೀರು.

ತೊಂದರೆ ಸರೋವರದ್ದಲ್ಲ, ನಮ್ಮ ಅವಸರದ್ದು. ರಾತ್ರಿ ಬಸ್ಸಿನಲ್ಲಿ ಲೀಮಾದಿಂದ ಬಂದಿಳಿದವರನ್ನು ಬೆಳಿಗ್ಗೆಯೇ ಈ ವ್ಯಾನಿಗೆ ಹತ್ತಿಸುವ ಏಜೆನ್ಸಿಗಳಿವೆ. ಅಂಥವರು ದಾರಿಯ ಬಂಡೆಗಳ ಮೇಲೆ ತಲೆ ಹಿಡಿದುಕೊಂಡು ಕುಳಿತಿರುವುದನ್ನು ಯಾವ ದಿನ ಹೋದರೂ ನೋಡಬಹುದು. ಟಿಕೆಟ್ ಮಾರುವವನು ‘ಇದು ಸುಲಭ’ ಎಂದರೆ, ಅವನು ಹುಟ್ಟಿದ್ದೇ ಮೂರು ಸಾವಿರ ಮೀಟರಿನಲ್ಲಿ ಎಂಬುದು ನೆನಪಿರಲಿ.

ಸಾಂತಾ ಕ್ರೂಸ್ ಚಾರಣ ಹೊಸಬರಿಗೆ ಆಗುತ್ತದೆಯೇ?

ಹಿಮಾಲಯದಲ್ಲೋ ಪಶ್ಚಿಮ ಘಟ್ಟದಲ್ಲೋ ಹೊರೆ ಹೊತ್ತು ನಡೆದು ಟೆಂಟಿನಲ್ಲಿ ಮಲಗಿದವರಿಗೆ, ಎತ್ತರಕ್ಕೆ ಒಗ್ಗಿಕೊಂಡಿದ್ದರೆ, ಆಗುತ್ತದೆ. ವಾಕೆರಿಯಾ ಎಂಬಲ್ಲಿಂದ ಕಶಪಂಪಾ ಹಳ್ಳಿಯವರೆಗೆ ಸುಮಾರು 50 ಕಿಲೋಮೀಟರ್, ಮೂರರಿಂದ ನಾಲ್ಕು ದಿನ. ನಡುವೆ 4,750 ಮೀಟರಿನ ಪುಂತಾ ಉನಿಯೊನ್ ಘಟ್ಟ. ಬಂಡೆಗೋಡೆಯನ್ನು ಸೀಳಿದಂತಿರುವ ಆ ಕಿಂಡಿಯನ್ನು ದಾಟಿದ ಕೂಡಲೇ ಆಚೆ ಬದಿಯ ಹಿಮನದಿಗಳು, ಹಸಿರು ಸರೋವರ ಒಮ್ಮೆಲೇ ಕಾಣುತ್ತವೆ. ಮುಂದೆ ಒಂದು ಕವಲುದಾರಿ ಅಲ್ಪಮಾಯೊ ಶಿಖರದ (5,947 ಮೀಟರ್) ತಳಶಿಬಿರಕ್ಕೆ ಹೋಗುತ್ತದೆ. ಅರ್ಧ ದಿನ ಹೆಚ್ಚಾದರೂ ತಪ್ಪಿಸಿಕೊಳ್ಳಬೇಡಿ.

ಹೊರೆ ಹೊರಲಾಗದವರು ಅರ‍್ಯೇರೊಗಳನ್ನು, ಅಂದರೆ ಕತ್ತೆ ನಡೆಸುವ ಹಳ್ಳಿಗರನ್ನು, ಗೊತ್ತುಮಾಡಿಕೊಳ್ಳಬಹುದು. ಅವರು ಹೇರು ಕಟ್ಟುವುದನ್ನು ನಿಂತು ನೋಡಬೇಕು. ಪೋಂಚೊ ಬಟ್ಟೆಯಿಂದ ಮೊದಲು ಕತ್ತೆಯ ಕಣ್ಣು ಮುಚ್ಚಿ, ಎರಡೂ ಬದಿಯ ತೂಕ ಕೈಯಲ್ಲೇ ಅಂದಾಜು ಮಾಡಿ, ಹಗ್ಗವನ್ನು ಮೊಣಕಾಲು ಒತ್ತಿ ಬಿಗಿಯುತ್ತಾರೆ. ಕೂಲಿಯ ಜೊತೆ ಅವರ ಊಟವೂ ನಿಮ್ಮ ಹೊಣೆ. ಅವರು ಮರಳಿ ಹೋಗುವ ದಿನಗಳಿಗೂ ಹಣ ಕೊಡಬೇಕು. ಇದನ್ನು ಹೊರಡುವ ಮೊದಲೇ ಮಾತನಾಡಿಕೊಳ್ಳಿ.

ಗೈಡ್ ಕಡ್ಡಾಯವೇ? ಪ್ರವೇಶ ಶುಲ್ಕ ಎಷ್ಟು?

ಇಲ್ಲಿನ ಬಹುತೇಕ ಹಾದಿಗಳು 1975ರಲ್ಲಿ ಸ್ಥಾಪನೆಯಾದ ಹುವಾಸ್ಕರಾನ್ ರಾಷ್ಟ್ರೀಯ ಉದ್ಯಾನದೊಳಗಿವೆ. 1985ರಿಂದ ಅದು ಯುನೆಸ್ಕೊ ವಿಶ್ವಪರಂಪರೆಯ ತಾಣವೂ ಹೌದು. ಟಿಕೆಟ್ ಒಂದು ದಿನಕ್ಕೆ 30 ಸೋಲ್ (ಪೆರುವಿನ ಹಣ), ಎರಡು ಮೂರು ದಿನಕ್ಕೆ 60, ಒಂದು ತಿಂಗಳವರೆಗೆ 150 ಎಂಬ ಲೆಕ್ಕದಲ್ಲಿದೆ. ಲಗೂನಾ 69, ಸಾಂತಾ ಕ್ರೂಸ್ ಹಾದಿಗಳಲ್ಲಿ ಸ್ವಂತವಾಗಿ ನಡೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಹಿಮಶಿಖರದ ಮಾತು ಬೇರೆ. ಅಲ್ಲಿ ಮಾನ್ಯತೆ ಪಡೆದ ಪರ್ವತ ಗೈಡ್ ಬೇಕೇ ಬೇಕು. ಹಿನೆಬ್ರಾ ಪಾರ್ಕಿನ ಬಳಿ ‘ಕಾಸಾ ದೆ ಗಿಯಾಸ್’ ಎಂಬ ಗೈಡುಗಳ ಮನೆಯಿದೆ. ಗೈಡಿನ ಪರಿಚಯಪತ್ರ ಕೇಳಿ ನೋಡಲು ಸಂಕೋಚಪಡಬೇಡಿ. ನಿಜವಾದ ಗೈಡಿಗೆ ಅದರಿಂದ ಬೇಸರವಾಗುವುದಿಲ್ಲ.

ಹುವೈಹುವಾಶ್ ಸುತ್ತು?

ಹುವಾರಾಸ್‌ನ ದಕ್ಷಿಣಕ್ಕಿರುವ ಬೇರೆಯೇ ಪರ್ವತಸಾಲು. ಪೂರ್ತಿ ಸುತ್ತಲು ಎಂಟರಿಂದ ಹನ್ನೆರಡು ದಿನ ಬೇಕು. ಹೆಚ್ಚುಕಡಿಮೆ ದಿನಕ್ಕೊಂದು ಘಟ್ಟ, ಹೆಚ್ಚಿನವು 4,600 ಮೀಟರ್ ಮೇಲೆ. ಯೆರುಪಹಾ ಶಿಖರವೇ 6,600 ಮೀಟರ್ ದಾಟಿದೆ. ನೋಟದಲ್ಲಿ ಇದಕ್ಕೆ ಸಾಟಿಯಾದ ಹಾದಿ ದಕ್ಷಿಣ ಅಮೆರಿಕದಲ್ಲಿ ಮತ್ತೊಂದಿಲ್ಲ ಎನ್ನುವವರ ಗುಂಪಿಗೆ ನಾನೂ ಸೇರಿದವನು. ಆದರೆ ಇದು ಮೊದಲ ಚಾರಣವಾಗಬಾರದು. ಹಾದಿ ಹಳ್ಳಿಗರ ಜಮೀನುಗಳ ಮೂಲಕ ಹೋಗುವುದರಿಂದ ಅಲ್ಲಲ್ಲಿ ಆಯಾ ಸಮುದಾಯದವರು ಶುಲ್ಕ ಪಡೆದು ರಸೀದಿ ಕೊಡುತ್ತಾರೆ. ಚಿಲ್ಲರೆ ನೋಟು ಇಟ್ಟುಕೊಳ್ಳಿ, ರಸೀದಿ ಕಳೆಯಬೇಡಿ, ಚೌಕಾಸಿ ಮಾಡಬೇಡಿ.

ಹಿಮ ಮುಟ್ಟಿದ ಅನುಭವವೇ ಇಲ್ಲ. ಶಿಖರ ಹತ್ತಬಹುದೇ?

ವಯುನರಾಹು (5,686 ಮೀಟರ್), ಪಿಸ್ಕೊ (5,752 ಮೀಟರ್) ಮುಂತಾದವನ್ನು ‘ಆರಂಭಿಕರ ಶಿಖರಗಳು’ ಎಂದು ಮಾರುತ್ತಾರೆ. ಆರಂಭಿಕರು ಎಂದರೆ ಇಲ್ಲಿ ಪರ್ವತಾರೋಹಣಕ್ಕೆ ಹೊಸಬರು, ಎತ್ತರಕ್ಕೆ ಹೊಸಬರಲ್ಲ. ಎರಡು ವಾರ ಚಾರಣ ಮಾಡಿ ಮೈ ಒಗ್ಗಿದ ಮೇಲೆ, ಹಗ್ಗ, ಹಿಮಕೊಡಲಿ, ಬೂಟಿಗೆ ಕಟ್ಟುವ ಮುಳ್ಳುಪಟ್ಟಿಗಳ ಬಳಕೆಯನ್ನು ಒಂದು ದಿನವಾದರೂ ಹಿಮನದಿಯಲ್ಲಿ ಕಲಿತು, ಗೈಡ್ ಜೊತೆ ಪ್ರಯತ್ನಿಸಬಹುದು. ಹುವಾಸ್ಕರಾನ್ ಈ ಪಟ್ಟಿಯಲ್ಲಿಲ್ಲ. ಅದರ ಬಿರುಕುಗಳು, ಹಿಮಕುಸಿತಗಳು ಅನುಭವಿಗಳನ್ನೂ ಕೊಂದಿವೆ.

ಸಸ್ಯಾಹಾರಿಗಳ ಗತಿ ಏನು?

ಅಂದುಕೊಂಡಷ್ಟು ಕಷ್ಟವಿಲ್ಲ. ಆಲೂಗಡ್ಡೆಯ ತವರೇ ಆಂಡೀಸ್. ಹಳದಿ, ನೇರಳೆ, ಗಂಟುಗಂಟಾದ ನೂರೆಂಟು ಬಗೆ ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರುತ್ತವೆ. ಕಿನೋವಾ, ದಪ್ಪಕಾಳಿನ ಮೆಕ್ಕೆಜೋಳ, ಹುರಿದ ಮೆಕ್ಕೆಜೋಳದ ಕಾಂಚಾ, ಬೆಣ್ಣೆಹಣ್ಣು, ಹಳ್ಳಿಯ ಚೀಸ್, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಎಲ್ಲವೂ ಸಿಗುತ್ತವೆ.

ಹುವಾರಾಸ್‌ನದೇ ವಿಶೇಷ ಚೋಚೊ ಸೆವಿಚೆ. ಸೆವಿಚೆ ಎಂದೊಡನೆ ಮೀನು ಎಂದು ಹಿಂಜರಿಯಬೇಡಿ. ಚೋಚೊ ಎಂದರೆ ಆಂಡೀಸಿನ ಒಂದು ಬಿಳಿ ಕಾಳು. ಹಸಿಯಾಗಿದ್ದಾಗ ಕಹಿ, ವಿಷಕಾರಿ ಕೂಡ. ಬೇಯಿಸಿ, ದಿನಗಟ್ಟಲೆ ನೀರು ಬದಲಿಸುತ್ತ ನೆನೆಸಿ ಕಹಿ ತೆಗೆಯುತ್ತಾರೆ. ರಸ್ತೆಬದಿಯಲ್ಲಿ ಅಗಲ ಲಂಗ, ಎತ್ತರದ ಟೊಪ್ಪಿಯ ಹೆಂಗಸರು ಈ ಕಾಳಿಗೆ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಮೆಣಸಿನಕಾಯಿ ಸೇರಿಸಿ, ನಿಂಬೆಹುಳಿ ಹಿಂಡಿ ಕೊಡುತ್ತಾರೆ. ರಾಮನವಮಿಯ ಕೋಸಂಬರಿ ತಿಂದು ಬೆಳೆದ ನಾಲಿಗೆಗೆ ಪರಿಚಯ ಹೇಳಿಕೊಡಬೇಕಾಗಿಲ್ಲ.

ಎಚ್ಚರ ಬೇಕಾಗಿರುವುದು ಸೂಪಿನಲ್ಲಿ. ಮಧ್ಯಾಹ್ನದ ‘ಮೆನು’ ಊಟದಲ್ಲಿ ಮೊದಲು ಸೂಪ್ ಬರುತ್ತದೆ, ಅದು ಹೆಚ್ಚಾಗಿ ಕೋಳಿಯ ಸಾರು. ‘ಸಿನ್ ಕಾರ್ನೆ’ ಎಂದಷ್ಟೇ ಹೇಳಿದರೆ ದನದ ಮಾಂಸ ಬೇಡ ಎಂದು ತಿಳಿದು ಕೋಳಿ ಹಾಕಿಕೊಡುತ್ತಾರೆ. ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ’ (ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ) ಎಂದು ಮೂರನ್ನೂ ಹೇಳಿ. ಚಾರಣಕ್ಕೆ ಅವಲಕ್ಕಿ, ಚಟ್ನಿಪುಡಿ ಊರಿನಿಂದಲೇ ಒಯ್ದರೆ ಒಳ್ಳೆಯದು. ನಾಲ್ಕು ಸಾವಿರ ಮೀಟರಿನಲ್ಲಿ ನೀರು ಸುಮಾರು 86 ಡಿಗ್ರಿಯಲ್ಲೇ ಕುದಿಯುವುದರಿಂದ ಬೇಳೆ ಬೇಯುವುದಿಲ್ಲ, ಅವಲಕ್ಕಿಗೆ ಆ ಗೊಡವೆಯೇ ಇಲ್ಲ.

ಹೊಳೆಯ ನೀರು ಕುಡಿಯಬಹುದೇ?

ಸೋಸಿ ಅಥವಾ ಕುದಿಸಿ. ಮೇಲೆ ದನ ಮೇಯುತ್ತವೆ. ಕಲ್ಲುಗಳಿಗೆ ತುಕ್ಕಿನ ಬಣ್ಣ ಹಿಡಿದಿರುವ ಹೊಳೆಯ ನೀರನ್ನು ಮಾತ್ರ ಸೋಸಿಯೂ ಕುಡಿಯಬೇಡಿ. ಹಿಮನದಿ ಹಿಂದೆ ಸರಿದ ಕಡೆ ಗಂಧಕಯುಕ್ತ ಬಂಡೆಗಳು ಗಾಳಿಗೆ ತೆರೆದುಕೊಂಡು, ನೀರು ಆಮ್ಲೀಯವಾಗಿ, ಲೋಹಗಳು ಕರಗಿ ಬರುತ್ತವೆ. ಒಯೆರೋಸ್ ಬಳಿಯ ರಿಯೊ ನೆಗ್ರೊ ಹೀಗೆ ಕೆಂಪಾಗಿದೆ. ಚಾರಣದ ಫಿಲ್ಟರ್ ಕ್ರಿಮಿಗಳನ್ನು ಹಿಡಿಯುತ್ತದೆ, ಕರಗಿದ ಲೋಹವನ್ನಲ್ಲ.

ಏನೇನು ಸಾಮಾನು ಒಯ್ಯಬೇಕು?

ಟೆಂಟ್, ಒಲೆ, ಚಳಿಚೀಲ, ಹಿಮದ ಬೂಟು ಎಲ್ಲವೂ ಹುವಾರಾಸ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಜಿಪ್ ಎಳೆದು, ಟೆಂಟಿನ ಕಂಬಿ ಎಣಿಸಿ ತೆಗೆದುಕೊಳ್ಳಿ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಿ. ಕಾಲಿಗೆ ಒಗ್ಗಿದ ಬೂಟು, ಒಳ್ಳೆಯ ತಂಪುಕನ್ನಡಕ, ಬಿಸಿಲಿನ ಮುಲಾಮು ಮಾತ್ರ ನಿಮ್ಮವೇ ಇರಲಿ. ನಮ್ಮ ಮೈಬಣ್ಣಕ್ಕೆ ಬಿಸಿಲು ಹತ್ತುವುದಿಲ್ಲ ಎಂಬ ಭ್ರಮೆ ಅಲ್ಲಿ ಒಂದು ಮಧ್ಯಾಹ್ನಕ್ಕೆ ಇಳಿಯುತ್ತದೆ.

ಊರು ಹಳೆಯದು ಎನ್ನುತ್ತಾರೆ, ಕಾಣುವುದೆಲ್ಲ ಕಾಂಕ್ರೀಟ್. ಏಕೆ?

1970ರ ಮೇ 31, ಭಾನುವಾರ ಮಧ್ಯಾಹ್ನ. 7.9 ತೀವ್ರತೆಯ ಭೂಕಂಪಕ್ಕೆ ಹುವಾರಾಸ್‌ನ ಮಣ್ಣಿನ ಇಟ್ಟಿಗೆಯ ಮನೆಗಳು ಕಿರಿದಾದ ಬೀದಿಗಳಿಗೇ ಕುಸಿದವು. ಹೊರಗೆ ಓಡಿಬಂದವರೂ ಉಳಿಯಲಿಲ್ಲ. ಇಂದಿನ ಊರು ಆಮೇಲೆ ಕಟ್ಟಿದ್ದು. ಹಳೆಯ ಊರು ಹೇಗಿತ್ತೆಂದು ತಿಳಿಯಲು ಉಳಿದಿರುವುದು ಹೋಸೆ ಒಲಾಯಾ ಎಂಬ ಒಂದೇ ಬೀದಿ.

ಅದೇ ಕಂಪನಕ್ಕೆ ಹುವಾಸ್ಕರಾನ್‌ನ ಉತ್ತರ ಶಿಖರದಿಂದ ಹಿಮವೂ ಬಂಡೆಯೂ ಕಳಚಿ, ಕೆಲವೇ ನಿಮಿಷಗಳಲ್ಲಿ ಕೆಳಗಿನ ಯುಂಗಾಯ್ ಪಟ್ಟಣವನ್ನು ಹೂತುಹಾಕಿತು. ಎತ್ತರದ ಸ್ಮಶಾನದ ಗುಡ್ಡ ಹತ್ತಿದವರು, ಊರಂಚಿನ ಸರ್ಕಸ್ಸಿಗೆ ಹೋಗಿದ್ದ ಮಕ್ಕಳು ಬದುಕಿಕೊಂಡರು. ಭೂಕಂಪದಲ್ಲಿ ಒಟ್ಟು ಸತ್ತವರು ಸುಮಾರು 70,000. ಹಳೆಯ ಯುಂಗಾಯ್ ಈಗ ಸ್ಮಾರಕ. ಗುಲಾಬಿ ಗಿಡಗಳ ನಡುವೆ ಜಜ್ಜಿಹೋದ ಬಸ್ಸೊಂದು ಹಾಗೆಯೇ ಇದೆ. ಅಲ್ಲಿಗೆ ಹೋದಾಗ ದನಿ ತಗ್ಗಿಸಿ, ಸೆಲ್ಫಿ ಬೇಡ. ಜೊತೆಗೆ ಬಂದ ವ್ಯಾನ್ ಚಾಲಕನ ಅಜ್ಜಿಯೂ ಅಲ್ಲೇ ಮಣ್ಣಾಗಿರಬಹುದು.

ಹಿಮನದಿಗಳು ಕರಗುತ್ತಿವೆಯಂತೆ. ನೋಡಲು ಏನಾದರೂ ಉಳಿದಿದೆಯೇ?

ಉಳಿದಿದೆ, ಕಡಿಮೆಯಾಗುತ್ತಿದೆ. ಸುಮಾರು 5,000 ಮೀಟರ್ ಎತ್ತರದ ಪಾಸ್ತೊರೂರಿಯಲ್ಲಿ ಒಂದು ಕಾಲಕ್ಕೆ ಜನ ಸ್ಕೀಯಿಂಗ್ ಮಾಡುತ್ತಿದ್ದರು. ಈಗ ಆ ದಾರಿಗೆ ‘ಹವಾಮಾನ ಬದಲಾವಣೆಯ ಹಾದಿ’ ಎಂದೇ ಹೆಸರಿಟ್ಟು ಪ್ರವಾಸಿಗರನ್ನು ಕರೆದೊಯ್ಯುತ್ತಾರೆ. ಹೋಗುವ ದಾರಿಯಲ್ಲಿ ಪೂಯಾ ರೈಮಂಡಿ ಗಿಡಗಳು ಸಿಗುತ್ತವೆ. ದಶಕಗಟ್ಟಲೆ ಬೆಳೆದು, ಹತ್ತು ಮೀಟರಿನಷ್ಟು ಎತ್ತರದ ಹೂಗೊಂಚಲನ್ನು ಒಮ್ಮೆ ಮಾತ್ರ ಬಿಟ್ಟು ಸಾಯುವ ಗಿಡ ಅದು.

ಕರಗಿದ ನೀರು ಸರೋವರಗಳಲ್ಲಿ ತುಂಬಿ ನಿಲ್ಲುವುದೇ ಊರಿನ ದೊಡ್ಡ ಭಯ. 1941ರ ಡಿಸೆಂಬರ್ 13ರಂದು ಪಲ್ಕಕೋಚಾ ಸರೋವರದ ದಂಡೆ ಒಡೆದು ಹುವಾರಾಸ್‌ನ ಮೂರನೆಯ ಒಂದು ಭಾಗ ಕೊಚ್ಚಿಹೋಗಿತ್ತು. ಆ ಸರೋವರ ಮತ್ತೆ ತುಂಬಿದೆ. ಪೈಪುಗಳಿಂದ ನೀರು ಹೊರಹಾಕುತ್ತ ಕಾವಲು ಕಾಯುತ್ತಾರೆ. ಜರ್ಮನಿಯ ವಿದ್ಯುತ್ ಕಂಪನಿ ಆರ್‌ಡಬ್ಲ್ಯುಇ ಕೂಡ ಈ ಅಪಾಯದಲ್ಲಿ ಪಾಲುದಾರ ಎಂದು ಇಲ್ಲಿನ ರೈತ ಹಾಗೂ ಪರ್ವತ ಗೈಡ್ ಸೌಲ್ ಲುಸಿಯಾನೊ ಯುಯಾ ಅದರ ಮೇಲೆ 2015ರಲ್ಲಿ ಮೊಕದ್ದಮೆ ಹೂಡಿದರು. 2025ರ ಮೇ ತಿಂಗಳಲ್ಲಿ ಹಾಮ್ ನಗರದ ನ್ಯಾಯಾಲಯ ಅವರ ಅರ್ಜಿಯನ್ನು ವಜಾ ಮಾಡಿತು. ಆದರೆ ಹೊಗೆಯುಗುಳುವ ಕಂಪನಿಗಳನ್ನು ಇಂಥ ಹಾನಿಗೆ ತಾತ್ತ್ವಿಕವಾಗಿ ಹೊಣೆ ಮಾಡಬಹುದು ಎಂದೂ ಹೇಳಿತು. ನಿಮ್ಮ ಗೈಡಿನೊಡನೆ ಮಾತಿಗೆ ವಿಷಯ ಬೇಕಾದರೆ ಇದನ್ನೇ ಕೇಳಿ, ಸಂಜೆ ಹೇಗೆ ಕಳೆಯಿತೆಂದು ತಿಳಿಯುವುದಿಲ್ಲ.

ಒಬ್ಬರೇ ಹೋಗುವುದು ಸುರಕ್ಷಿತವೇ? ಹೆಣ್ಣುಮಕ್ಕಳು?

ಊರು ತಕ್ಕಮಟ್ಟಿಗೆ ಶಾಂತ. ಒಂಟಿಯಾಗಿ ಬರುವ ಹೆಣ್ಣುಮಕ್ಕಳು ಹಾಸ್ಟೆಲ್‌ಗಳಲ್ಲಿ ಬಹಳ ಸಿಗುತ್ತಾರೆ, ಅಲ್ಲೇ ಚಾರಣಕ್ಕೆ ಜೊತೆ ಕೂಡಿಕೊಳ್ಳುತ್ತಾರೆ. ಬಸ್ಸಿನಲ್ಲಿ ಪಾಸ್‌ಪೋರ್ಟ್ ಇರುವ ಚೀಲ ಮಡಿಲಲ್ಲಿರಲಿ, ತಲೆಯ ಮೇಲಿನ ಹಲಗೆಯಲ್ಲಲ್ಲ. ನನ್ನ ಮಟ್ಟಿಗೆ ಕಳ್ಳರಿಗಿಂತ ಹೆಚ್ಚು ಕಾಡುವವು ಹಳ್ಳಿಯ ನಾಯಿಗಳು. ಬಗ್ಗಿ ಕಲ್ಲು ಎತ್ತಿಕೊಳ್ಳುವಂತೆ ಮಾಡಿದರೆ ಸಾಕು, ಆಂಡೀಸಿನ ನಾಯಿಗೂ ಆ ಭಾಷೆ ಬರುತ್ತದೆ.

ಖರ್ಚು?

ಒಂದು ಸೋಲ್ ಸುಮಾರು 25 ರೂಪಾಯಿ. ಹಾಸ್ಟೆಲ್ ಹಾಸಿಗೆ 30ರಿಂದ 50 ಸೋಲ್, ಸಾಮಾನ್ಯ ಮಧ್ಯಾಹ್ನದೂಟ 10ರಿಂದ 15 ಸೋಲ್. ಹಳ್ಳಿಗಳಲ್ಲಿ ಕಾರ್ಡ್ ನಡೆಯುವುದಿಲ್ಲ. ನೂರರ ನೋಟಿಗೆ ಚಿಲ್ಲರೆಯೂ ಸಿಗುವುದಿಲ್ಲ.

ವಿಮೆ ಬೇಕೇ?

ಬೇಕು. ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಿ: ನಮ್ಮಲ್ಲಿ ಮಾರುವ ಅನೇಕ ಪ್ರವಾಸ ವಿಮೆಗಳು ಒಂದು ಎತ್ತರದ ಮೇಲಿನ ಚಾರಣವನ್ನು, ಪರ್ವತಾರೋಹಣವನ್ನು ಹೊರಗಿಡುತ್ತವೆ. ವಿಮೆ ಇದೆಯೆಂದ ಮಾತ್ರಕ್ಕೆ ಹೆಲಿಕಾಪ್ಟರ್ ಬರುತ್ತದೆಂದು ನೆಚ್ಚಿಕೊಳ್ಳಬೇಡಿ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಗಾಯಾಳುವನ್ನು ಇಳಿಸುವುದು ಕತ್ತೆ, ಕುದುರೆ, ಜೊತೆಗಾರರ ಭುಜ.

ಭಾರತಕ್ಕೆ ಮರಳುವಾಗ ತೊಂದರೆಯಾಗುವ ಸಂಗತಿ ಏನಾದರೂ ಇದೆಯೇ?

ಎರಡು ಇವೆ. ಪೆರು ದೇಶ ಹಳದಿ ಜ್ವರದ ಪಟ್ಟಿಯಲ್ಲಿದೆ. ಅಲ್ಲಿಂದ ಬರುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಹುವಾರಾಸ್‌ನಂಥ ಎತ್ತರದಲ್ಲಿ ಅದನ್ನು ಹರಡುವ ಸೊಳ್ಳೆಯೇ ಇಲ್ಲ ಎಂದು ಅಧಿಕಾರಿಯ ಮುಂದೆ ವಾದಿಸಿ ಫಲವಿಲ್ಲ. ಹೊರಡುವುದಕ್ಕೆ ಹತ್ತು ದಿನ ಮೊದಲೇ ಸರ್ಕಾರದ ಮಾನ್ಯತೆಯಿರುವ ಕೇಂದ್ರದಲ್ಲಿ ಚುಚ್ಚಿಸಿಕೊಂಡು, ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆಗೇ ಇಡಿ. ಎರಡನೆಯದು ಕೋಕಾ. ಅಲ್ಲಿ ಕಿರಾಣಿ ಅಂಗಡಿಯಲ್ಲಿ ಚಹಾ ಪೊಟ್ಟಣದಂತೆ ಸಿಗುವ ಎಲೆ, ನಮ್ಮ 1985ರ ಮಾದಕವಸ್ತು ಕಾಯ್ದೆಯಡಿ ಅಪರಾಧ. ಚೀಲ ಕಟ್ಟುವ ಮುನ್ನ ಜಾಕೆಟ್ಟಿನ ಜೇಬುಗಳನ್ನೂ ಒಮ್ಮೆ ಕೊಡವಿ ನೋಡಿ.